ಮಂಚಾಲೆಯ ದಡದಲ್ಲಿ ಹರಿಗೋಲು

ಮುಂಬಯಿ ಮತ್ತು ಚೆನ್ನೈ ಬಂದರುಗಳನ್ನು ಕೂಡಿಸುವ ರೈಲು ಮಾರ್ಗದ ಮೇಲೆಯೇ ಆದವಾನಿ ಇದೆ. ರಜೆಯಲ್ಲಿ ಕುಟುಂಬ ಸಮೇತ ವಿಹಾರ ನೌಕೆಯೇರಿ ಬಂದವರ ಕಥೆಗಳು ಈಚೆಗೆ ಇಲ್ಲಿಯ ಹತ್ತಿ ಪೇಟೆಯಲ್ಲಿಯೂ ಕೇಳಿಬರುತ್ತವೆ. ಆದರೆ ಪಶ್ಚಿಮ ಕರ್ನೂಲು ಸೀಮೆಯ ಹಳೆಯ ಮನೆತನಗಳನ್ನು ವಿಚಾರಿಸಿದರೆ, ಸಂಸಾರ ಸಮೇತ ನೀರಿನ ಮೇಲೆ ಕುಳಿತ ಮೊದಲ ನೆನಪು ತುಂಗಭದ್ರೆಯ ಹರಿಗೋಲಿನದೇ ಆಗಿರುತ್ತದೆ.

ದೀಪಾವಳಿ ಕಳೆದು ನೆರೆ ಇಳಿದ ಒಂದು ಬೆಳಿಗ್ಗೆ ಆದವಾನಿಯ ಕುಟುಂಬವೊಂದು ಅಜ್ಜಿಯ ತವರಿಗೆ ಹೊರಟಿತ್ತು. ಅಣ್ಣನ ಮರಿಮಗುವಿಗೆ ತೊಟ್ಟಿಲ ಕಾರ್ಯ. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಜೊತೆಗೆ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಗಂಟು, ಕುಪ್ಪಸದ ಖಣ, ಒಂದು ಹೊಸ ಸೀರೆ. ರೈಲು ಕೋಸಿಗಿ ದಾಟಿ ಮಂತ್ರಾಲಯ ರೋಡ್ ತಲುಪಿತು. ಅಲ್ಲಿಂದ ಕ್ಷೇತ್ರಕ್ಕೆ ಸುಮಾರು 15 ಕಿ.ಮೀ. ಮಾಧವರಂ ಬಳಿಯ ಸೇತುವೆಯಿಂದ ಸುತ್ತಿ ಹೋಗಬಹುದಿತ್ತು. ಆದರೆ ತವರೂರು ಎದುರು ದಡದಲ್ಲಿಯೇ ಇರುವಾಗ ಸುತ್ತುವುದು ಅಜ್ಜಿಗೆ ಒಪ್ಪಿಗೆಯಾಗಲಿಲ್ಲ.

ದಡದಲ್ಲಿ ಬೋರಲಾಗಿ ಮಲಗಿದ್ದ ಹರಿಗೋಲನ್ನು ಅಂಬಿಗ ಮಗುಚಿ ನೀರಿಗೆ ನೂಕಿದ. ಸೀಳಿದ ಬಿದಿರಿನ ಹೆಣಿಗೆ. ಹೊರಮೈಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಹಾಳೆಯ ಬದಲು ಚರ್ಮವಿರುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ನದಿಯ ಮೇಲುಭಾಗದಲ್ಲಿ, ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳನ್ನು ಕಂಡು, ಹದಿನೈದು ಇಪ್ಪತ್ತು ಜನ ಹಿಡಿಯುವುದನ್ನೂ, ಅವು ಸದಾ ತಿರುಗುತ್ತಲೇ ಸಾಗುವುದನ್ನೂ ಬರೆದಿಟ್ಟಿದ್ದಾನೆ.

ಹರಿಗೋಲು ಏರುವುದಕ್ಕೂ ಒಂದು ಕ್ರಮವಿದೆ. ಅಂಚಿನ ಮೇಲೆ ಕಾಲಿಡುವಂತಿಲ್ಲ. ಹೆಜ್ಜೆ ನೇರ ನಡುವಿಗೆ ಬೀಳಬೇಕು. “ಅವ್ವಾ, ನೀವು ಮೊದಲು ಬರ್ರಿ. ನಿಂದ್ರಬ್ಯಾಡ್ರಿ, ಕೂತುಬಿಡ್ರಿ” ಎಂದು ಅಂಬಿಗ ಕೈಕೊಟ್ಟ. ಅಜ್ಜಿಯ ಎದುರಿಗೆ ಮಗ, ಸೊಸೆಯ ಎದುರಿಗೆ ಮಕ್ಕಳು, ಗಂಟು ನಡುವೆ: ತೂಕವನ್ನು ಅಳೆದು ಹಂಚಿದಂತೆ ಎಲ್ಲರನ್ನೂ ಕೂಡಿಸಿದ. ತಳ ಮೆತ್ತಗೆ ಉಬ್ಬಿ ತಗ್ಗಿದಾಗ ಮೊಮ್ಮಗಳು ತಾಯಿಯ ಸೆರಗು ಹಿಡಿದಳು. ಹುಟ್ಟು ನೀರಿಗೆ ಬಿದ್ದೊಡನೆ ಮಠದ ಗೋಪುರ, ಸ್ನಾನಘಟ್ಟ, ಬಂಡೆಗಳು ಒಂದೊಂದಾಗಿ ಕಣ್ಣ ಮುಂದೆ ಸುತ್ತಿ ಹೋದವು. “ಪುಟ್ಟಿ ತಿರಗಾಕತ್ತೇತಿ!” ಎಂದು ಮೊಮ್ಮಗ ಕೂಗಿದ. ಪುಟ್ಟಿ ಎಂಬುದು ಹರಿಗೋಲಿನ ತೆಲುಗು ಹೆಸರು. ಶಾಲೆಯ ಗೆಳೆಯರಿಂದ ಬಂದದ್ದು.

ಈ ನದಿಗೆ ಗಡಿಯಾಗಿರುವುದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ತೆಂಕಣ ದಡ ಮದರಾಸು ಪ್ರಾಂತದ್ದು, ಬಡಗಣ ದಡ ನಿಜಾಮನದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಅಂದಿನಿಂದ ಇದು ಭಾಷೆಯ ಗಡಿ. ಒಂದೇ ಎರೆಮಣ್ಣಿನ ಹೊಲಕ್ಕೆ ಆ ದಡದಲ್ಲಿ ಪಹಣಿ, ಈ ದಡದಲ್ಲಿ ಅಡಂಗಲ್. ಆದರೂ ಹೆಣ್ಣು ಕೊಟ್ಟು ತರುವ ಸಂಬಂಧ ನಿಲ್ಲಲಿಲ್ಲ. 1960ರ ದಶಕದಲ್ಲಿ ಅಜ್ಜಿ ಮದುವಣಗಿತ್ತಿಯಾಗಿ ಈಚೆಗೆ ಬಂದದ್ದು ಹರಿಗೋಲಿನಲ್ಲಿಯೇ.

ಐತಿಹ್ಯಕ್ಕೂ ಈ ದಾಟುವಿಕೆ ಪರಿಚಿತ. ಆದವಾನಿಯ ಅಧಿಪತಿ ಸಿದ್ದಿ ಮಸೂದ್ ಖಾನನಿಂದ ಮಂಚಾಲೆ ಗ್ರಾಮವನ್ನು ಪಡೆದ ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಆ ಸುದ್ದಿ ತಿಳಿದು, ಆಚೆ ದಡದ ಬಿಚ್ಚಾಲೆಯ ಅಪ್ಪಣಾಚಾರ್ಯರು ತುಂಬಿದ ಹೊಳೆಯನ್ನು ದಾಟಿ ಬಂದರೆಂದೂ, ಅವರು ತಲುಪುವ ಮೊದಲೇ ಕಲ್ಲು ಮುಚ್ಚಿತ್ತೆಂದೂ ಹೇಳುತ್ತಾರೆ.

ಹೊಳೆಗೆ ಸಲಿಗೆ ಸಲ್ಲದು. 2009ರ ಅಕ್ಟೋಬರಿನಲ್ಲಿ ಇದೇ ನದಿ ಮಂತ್ರಾಲಯವನ್ನೇ ಮುಳುಗಿಸಿತ್ತು. ವಿಹಾರ ನೌಕೆ ಏರಿದವರಿಗೆ ಮೊದಲು ಜೀವರಕ್ಷಕ ಅಂಗಿ ತೊಡುವುದನ್ನು ಕಲಿಸುತ್ತಾರೆ. ಆ ದಿನದ ಹರಿಗೋಲಿನಲ್ಲಿ ಅಂಥ ಒಂದು ಅಂಗಿಯೂ ಇರಲಿಲ್ಲ. 1917ರ ಹಳೆಯ ಕಾಯಿದೆ ಉಗಿಯಂತ್ರದ ನೌಕೆಗಳಿಗಾಗಿ ಹುಟ್ಟಿದ್ದು. ಅದರ ಸ್ಥಾನಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯಿದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಆಡಳಿತದ ನೋಂದಣಿಗೆ ತರುತ್ತದೆ. ಆ ಅಕ್ಷರ ದಡಕ್ಕೆ ಇಳಿದು ಪ್ರತಿ ಹರಿಗೋಲಿಗೆ ನಾಲ್ಕಾರು ಅಂಗಿಗಳನ್ನು ತಂದರೆ ಅಂಬಿಗನ ಕಸುಬೂ ಉಳಿದೀತು, ಬೀಗತನದ ದಾರಿಯೂ ಉಳಿದೀತು. ಅವಘಡದ ನಂತರ ಹರಿಗೋಲನ್ನೇ ನಿಷೇಧಿಸುವುದು ಸುಲಭ. ಸುತ್ತಿ ಹೋಗಲು ಬಸ್ಸಿನ ಹಣವಿಲ್ಲದ ಮುದುಕಿಯ ತವರು ಅಂದಿಗೆ ದೂರವಾಗುತ್ತದೆ.

ಆಚೆ ದಡದಲ್ಲಿ ಅಣ್ಣನ ಮಕ್ಕಳು ಮೊಣಕಾಲುದ್ದ ನೀರಿಗೆ ಇಳಿದು ಕಾಯುತ್ತಿದ್ದರು. “ಸಾವಕಾಶ ಬಾ ಅತ್ತಿ” ಎಂದು ಒಬ್ಬ ಅಜ್ಜಿಯ ರಟ್ಟೆ ಹಿಡಿದ. ದಡದ ಮೇಲೊಂದು ಬಣ್ಣ ಮಾಸಿದ ಫಲಕ. ಮನೆಯಲ್ಲಿ ಕನ್ನಡವನ್ನೇ ಆಡುವ, ಶಾಲೆಯಲ್ಲಿ ಅದರ ಒಂದು ಅಕ್ಷರವನ್ನೂ ಕಲಿಯದ ಮೊಮ್ಮಗ ಅದರ ಮುಂದೆ ನಿಂತ. ತೆಲುಗು ಲಿಪಿಯ ನೆಂಟಸ್ತಿಕೆಯ ಬಲದಿಂದ, ಒಂದೆರಡು ಕಡೆ ತಡೆದು, ಗಟ್ಟಿಯಾಗಿ ಓದಿದ: “ಎಚ್ಚರಿಕೆ. ನೀರು ಆಳವಿದೆ.”

ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ನಿಂತು ಕೇಳಿದಳು. “ಮುಂದ ಏನೈತಿ, ಓದಪ್ಪ” ಎಂದಳು.