ಹಿಂದಕ್ಕೆ ವಾಲಿದರೆ ಕೆಟ್ಟಿತು!

ಕಾಶ್ಮೀರದ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಸ್ಕೀಯಿಂಗ್ ಕಲಿಯಲು ಅಲ್ಲಿಗೆ ಬರುವ ಗೆಳೆಯರ ಗುಂಪುಗಳನ್ನು ನೋಡುವುದೇ ಒಂದು ಮೋಜು. ಉದ್ದನೆಯ ಹಲಗೆಗಳಿಗೆ ಬೂಟು ಸಿಕ್ಕಿಸಿಕೊಂಡು ಎದ್ದು ನಿಲ್ಲುವಷ್ಟರಲ್ಲೇ ಒಬ್ಬ ಕುಕ್ಕರಿಸಿರುತ್ತಾನೆ. ಅವನನ್ನು ಎತ್ತಲು ಹೋದವನು ಅವನ ಮೇಲೆಯೇ ಬೀಳುತ್ತಾನೆ. ನಗುತ್ತ ಫೋಟೋ ತೆಗೆಯುವ ಮೂರನೆಯವನು ತನಗರಿವಿಲ್ಲದೆ ಹಿಮ್ಮುಖವಾಗಿ ಜಾರತೊಡಗಿರುತ್ತಾನೆ!

ಹಲಗೆ ಹಿಮಕ್ಕೆ ಉಜ್ಜಿದಾಗ ಹುಟ್ಟುವ ಶಾಖದಿಂದ ನೀರಿನ ತೆಳುಪೊರೆ ಉಂಟಾಗುತ್ತದೆ. ಜಾರಿಕೆಗೆ ಅದು ಮುಖ್ಯ ಕಾರಣ. ಒತ್ತಡದಿಂದ ಹಿಮ ಕರಗುತ್ತದೆಂಬ ಹಳೆಯ ಪಾಠ ಇಲ್ಲಿ ಸಾಲದು. ವೇಗಕ್ಕೆ ಹೆದರಿದ ದೇಹ ತಾನಾಗಿಯೇ ಹಿಂದಕ್ಕೆ ವಾಲುತ್ತದೆ. ಎಡವಟ್ಟಾಗುವುದು ಇಲ್ಲೇ. ಭಾರ ಹಿಂದೆ ಸರಿದರೆ ಹಲಗೆಯ ಮುಂತುದಿ ಹಗುರಾಗಿ ಹೇಳಿದ ಮಾತು ಕೇಳುವುದಿಲ್ಲ. ಮೊಣಕಾಲು ಮಡಿಸಿ, ಮುಂದಕ್ಕೆ ಬಾಗಿ, ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿದರೆ ಹಲಗೆಗಳ ಒಳಅಂಚು ಹಿಮವನ್ನು ಕೆರೆದು ವೇಗ ತಗ್ಗಿಸುತ್ತದೆ.

ಇಷ್ಟು ಬಂದೊಡನೆ ಗುಂಪಿನ ಶೂರನೊಬ್ಬ, “ಗೊಂಡೊಲಾದಲ್ಲಿ ಮೇಲೆ ಹೋಗೋಣ, ಬಾರೋ ಪುಕ್ಕಲ!” ಎನ್ನುತ್ತಾನೆ. ಆ ತೂಗುಬಂಡಿಯ ಎರಡನೆಯ ಹಂತ 3,900 ಮೀಟರ್ ದಾಟುತ್ತದೆ. ಅಲ್ಲಿ ಇಳಿಜಾರು ಕಡಿದು, ಹಿಮಕುಸಿತದ ಭಯ ಬೇರೆ. ಬಿದ್ದಾಗ ಬೂಟಿನಿಂದ ಕಳಚಿಕೊಳ್ಳಬೇಕಾದ ಹಲಗೆ ಕಳಚದಿದ್ದರೆ ಸನ್ನೆಕೋಲಿನಂತೆ ಮೊಣಕಾಲನ್ನೇ ತಿರುಚುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ಅಪ್ಪ-ಅಮ್ಮ ಸ್ವೆಟರುಗಳ ಲೆಕ್ಕ ಹಾಕುತ್ತಾರೆ. ಆ ಹಿಡಿಕೆಯ ಬಿಗಿತವನ್ನು ಮಗನ ತೂಕಕ್ಕೆ ಹೊಂದಿಸಿದ್ದಾರೆಯೇ ಎಂದು ಕೇಳುವವರು ಕಡಿಮೆ.

“ನೀವು ಹೋಗ್ರೋ, ನಾ ಬರೋಲ್ಲ” ಎಂದು ಕೆಳಗೇ ಉಳಿದವನು ಸಂಜೆಯೊಳಗೆ ಹತ್ತು ಸಲ ಬಿದ್ದು, ಹನ್ನೊಂದನೆಯ ಸಲ ಯಾರ ಕೈಯನ್ನೂ ಹಿಡಿಯದೆ ನಿಂತಿರುತ್ತಾನೆ.