ಮೂರನೇ ಸೀಟಿನ ಸೊನ್ನೆ

ಸಿ ಭಾಷೆ ಕಲಿತವರೆಲ್ಲ ಮೊಟ್ಟಮೊದಲು ಕರೆಯೋದು ಪ್ರಿಂಟ್‌ಎಫ್ ಫಂಕ್ಷನ್ನನ್ನೇ. ಪರದೆ ಮೇಲೆ ‘ಹಲೋ ವರ್ಲ್ಡ್’ ಮೂಡಿದ್ರೆ ಸಾಕು, ಖುಷಿಯೋ ಖುಷಿ. ಆಮೇಲೆ ಆ ಬಡಪಾಯಿಯ ಹೊಟ್ಟೆಯೊಳಗೆ ಏನಿದೆ ಅಂತ ಯಾರೂ ಇಣುಕುವುದಿಲ್ಲ. ನಾನು ಇಣುಕಬೇಕಾಗಿ ಬಂದದ್ದು ಕುತೂಹಲಕ್ಕಲ್ಲ. ಒಬ್ಬ ಪಂಪ್ ಆಪರೇಟರ್ ಹೇಳ್ತಿದ್ದದ್ದು ನಿಜವೋ ಸುಳ್ಳೋ ಅನ್ನೋದು ಅದರ ಮೇಲೆ ನಿಂತಿತ್ತು. (ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಹೆದರಿ ಓಡಬೇಡಿ, ಬಸ್ಸು ಹತ್ತಿದ್ದವರಿಗೆಲ್ಲ ಅರ್ಥವಾಗೋ ಹಾಗೆ ಬರೀತೀನಿ!)

ಸಾಮಾನ್ಯವಾಗಿ ಸಿ ಭಾಷೆಯ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಬರುತ್ತೆ, ಯಾವ ಟೈಪಿನದು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಪ್ರಿಂಟ್‌ಎಫ್‌ಗೆ ಮಾತ್ರ ಆ ಭಾಗ್ಯ ಇಲ್ಲ. ಅದರ ಕೈಗೆ ಸಿಗೋದು ಒಂದು ಫಾರ್ಮ್ಯಾಟ್ ಸ್ಟ್ರಿಂಗ್, ಅದರಾಚೆಗೆ ಮೂರು ಚುಕ್ಕಿ. ಏನು ಬೇಕಾದರೂ ಬರಬಹುದು. ಬಂದ ಬೈಟ್‌ಗಳ ಮೇಲೆ ‘ನಾನು ಪೂರ್ಣಾಂಕ’, ‘ನಾನು ದಶಮಾಂಶ’ ಅಂತ ಯಾವ ಚೀಟಿಯೂ ಅಂಟಿಸಿರೋದಿಲ್ಲ. ಸ್ಟ್ರಿಂಗ್‌ನಲ್ಲಿ %ಡಿ ಕಂಡರೆ ಒಂದು ಇಂಟ್‌ನಷ್ಟು ಎತ್ತಿಕೊ, %ಎಫ್ ಕಂಡರೆ ಒಂದು ಡಬಲ್‌ನಷ್ಟು ಎತ್ತಿಕೊ, ಮುಂದಕ್ಕೆ ಹೋಗು. ಅಷ್ಟೇ ಅದರ ವಿದ್ಯೆ. ಎತ್ತಿಕೊಡುವ ಕೆಲಸ ವಿಎ_ಆರ್ಗ್ ಅನ್ನೋ ಮ್ಯಾಕ್ರೋದು.

ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ಕೈಯಲ್ಲಿ ರಿಸರ್ವೇಶನ್ ಚಾರ್ಟ್ ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಮುಖ ನೋಡೋದಿಲ್ಲ, ಹೆಸರು ಕೇಳೋದಿಲ್ಲ. ಎರಡನೇ ಸೀಟಲ್ಲಿ ಕೂತವನು ಚಾರ್ಟಿನ ಎರಡನೆಯವನು, ಮೂರನೇ ಸೀಟಲ್ಲಿ ಕೂತವನು ಮೂರನೆಯವನು. ಎಲ್ಲರೂ ಒಂದೊಂದೇ ಸೀಟಲ್ಲಿ ಕೂರುವವರೆಗೆ ತೊಂದರೆ ಇಲ್ಲ. ಎರಡು ಸೀಟು ಹಿಡಿಯೋ ಆಸಾಮಿಯೊಬ್ಬ ಹತ್ತಿದ ಅನ್ನಿ...

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಆದದ್ದು ಇದೇ. ಸಣ್ಣ ಊರೊಂದರ ನೀರಿನ ಪಂಪುಗಳಿಗೆ ಅಲ್ಲಿಂದ ಪುಟ್ಟ ಕಂಟ್ರೋಲರ್ ಬೋರ್ಡುಗಳು ಹೋಗಿದ್ದವು. ಪ್ರತಿ ನಿಮಿಷಕ್ಕೆ ಒಂದು ಸಾಲು ಲಾಗ್: ಪಂಪ್ ನಂಬರ್, ಸಮಯ, ಓಡ್ತಿದೆಯೋ ಇಲ್ಲವೋ. ಓಡ್ತಿದ್ರೆ 1, ಇಲ್ಲದಿದ್ರೆ 0. ಒಂದು ತಿಂಗಳ ಲಾಗ್ ತೆಗೆದು ನೋಡಿದರೆ ಬರೀ ಸೊನ್ನೆ. ಆಪರೇಟರ್ ಮಾತ್ರ "ಸ್ವಾಮೀ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ದಿನಾ ಪಂಪು ಹಾಕಿದೀನಿ" ಅಂತಿದ್ದ. ಊರಲ್ಲಿ ನೀರು ಸಾಲ್ತಿಲ್ಲ ಅಂತ ದೂರು ಬೇರೆ ಇತ್ತು. ಸಂಬಳ ಹಿಡೀಬೇಕು, ಬೇರೆಯವರನ್ನ ನೋಡ್ಕೋಬೇಕು ಅನ್ನೋವರೆಗೂ ಮಾತು ಹೋಗಿತ್ತು. ಮೀಟಿಂಗ್‌ನಲ್ಲಿ ಒಬ್ಬರಂತೂ "ಮನುಷ್ಯ ಸುಳ್ಳು ಹೇಳಬಹುದು ಕಣ್ರೀ, ಮಷಿನ್ ಹೇಳಲ್ಲ" ಅಂದುಬಿಟ್ಟರು. ಪಂಪ್ ನಂಬರ್ ಸರಿಯಿದೆ, ಸಮಯವೂ ಸರಿಯಿದೆ, ಮೂರನೆಯದು ಮಾತ್ರ ತಪ್ಪಾಗೋದು ಹೇಗೆ ಅನ್ನೋದು ಅವರ ವಾದ. ನೋಡೋಕೆ ವಾದ ಸರಿಯಾಗೇ ಇತ್ತು.

ನಾನು ಕೋಡ್ ತೆಗೆದು ಕೂತೆ. ಸಮಯ ಅಂದರೆ ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳು. ಅದನ್ನ 32 ಬಿಟ್‌ನಲ್ಲಿ ಇಟ್ಟರೆ ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತೆ. ಅದಕ್ಕೇ ಯಾರೋ ಪುಣ್ಯಾತ್ಮರು ಅದನ್ನ 64 ಬಿಟ್‌ಗೆ ಬದಲಿಸಿದ್ದರು. ಒಳ್ಳೇ ಕೆಲಸವೇ. ಆದರೆ ಫಾರ್ಮ್ಯಾಟ್ ಸ್ಟ್ರಿಂಗ್‌ನಲ್ಲಿ ಹಳೇ %ಯು ಹಾಗೇ ಕೂತಿತ್ತು.

ಬೋರ್ಡಿನಲ್ಲಿದ್ದದ್ದು 32 ಬಿಟ್ ಆರ್ಮ್ ಪ್ರೊಸೆಸರ್. ಅಲ್ಲಿ ಮೊದಲ ಆರ್ಗ್ಯುಮೆಂಟುಗಳು ನಾಲ್ಕು ರಿಜಿಸ್ಟರುಗಳಲ್ಲಿ ಹೋಗುತ್ತವೆ, ಮಿಕ್ಕವು ಸ್ಟ್ಯಾಕ್ ಮೇಲೆ. ಮೊದಲ ರಿಜಿಸ್ಟರ್ ಫಾರ್ಮ್ಯಾಟ್ ಸ್ಟ್ರಿಂಗ್‌ಗೆ, ಎರಡನೆಯದು ಪಂಪ್ ನಂಬರ್‌ಗೆ. 64 ಬಿಟ್‌ನ ಸಮಯಕ್ಕೆ ಜೋಡಿ ಸೀಟು ಬೇಕು, ಹಾಗಾಗಿ ಮೂರನೆಯದು ನಾಲ್ಕನೆಯದು ಎರಡೂ ಅದಕ್ಕೇ. ಪಾಪ, ಪಂಪಿನ ಸ್ಥಿತಿ ಸ್ಟ್ಯಾಕ್‌ಗೆ ಹೋಯ್ತು. ನಮ್ಮ ಕಂಡಕ್ಟರ್ ಚಾರ್ಟ್ ಪ್ರಕಾರ ಎಣಿಸ್ತಾ ಬಂದ. ಪಂಪ್ ನಂಬರ್ ಸರಿ. %ಯು ಕಂಡಾಗ ಸಮಯದ ಕೆಳಗಿನ 32 ಬಿಟ್ ಸಿಕ್ಕಿತು, ಅದೂ ಸರಿ. ಕೊನೆಯ %ಡಿಗೆ ಸಿಕ್ಕಿದ್ದು? ಸಮಯದ ಮೇಲಿನ ಅರ್ಧ. 49.7 ದಿನ ತುಂಬುವ ತನಕ ಅದು ಸೊನ್ನೆಯೇ! ನಿಜವಾದ 1 ಅದರ ಪಕ್ಕದಲ್ಲೇ, ನಾಲ್ಕು ಬೈಟ್ ಆಚೆ, ಯಾರೂ ಕರೆಯದೆ ಕೂತಿತ್ತು.

ತಮಾಷೆ ನೋಡಿ, ಐವತ್ತು ದಿನ ಕರೆಂಟು ಹೋಗದೆ ಇದ್ದಿದ್ದರೆ ಆ ಸೊನ್ನೆ ಒಂದಾಗಿ, ಪಂಪು ಹಗಲೂ ರಾತ್ರಿ ಓಡ್ತಾನೇ ಇದೆ ಅಂತ ಲಾಗ್ ಹೇಳ್ತಿತ್ತು. ಅಷ್ಟು ದಿನ ಕರೆಂಟು ಹೋಗದೆ ಇರೋ ಊರು ಅದಲ್ಲ ಬಿಡಿ.

ಟೆಸ್ಟ್ ಮಾಡಿರಲಿಲ್ವಾ ಅಂತ ಕೇಳ್ತೀರಿ. ಮಾಡಿದ್ದರು, 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಒಂದೊಂದು ರಿಜಿಸ್ಟರೂ 64 ಬಿಟ್ ಅಗಲ. ದಪ್ಪ ಆಸಾಮಿಯೂ ಒಂದೇ ಸೀಟಲ್ಲಿ ಕೂತ, ಎಲ್ಲ ಸರಿಯಾಗೇ ಕಂಡಿತು. ಜಿಸಿಸಿ ಕಂಪೈಲರ್ ಯಾಕೆ ಬೈಯಲಿಲ್ಲ? ಪ್ರಿಂಟ್‌ಎಫ್ ಆಗಿದ್ದರೆ ಬೈತಿತ್ತು. ಆದರೆ ಜಾಗ ಉಳಿಸೋಕೆ ಬೋರ್ಡಿಗೆ ಅಂತ ನಮ್ಮದೇ ಪುಟ್ಟ ಲಾಗ್ ಫಂಕ್ಷನ್ ಬರೆದಿದ್ದರು. ‘ಇದೂ ಪ್ರಿಂಟ್‌ಎಫ್ ಜಾತಿಯದೇ, ಚಾರ್ಟ್ ತಾಳೆ ನೋಡು’ ಅಂತ ಕಂಪೈಲರ್‌ಗೆ ಹೇಳೋ ಫಾರ್ಮ್ಯಾಟ್ ಆಟ್ರಿಬ್ಯೂಟ್ ಅದರ ಮೇಲೆ ಇರಲಿಲ್ಲ. ಆ ಒಂದು ಸಾಲು ಸೇರಿಸಿ ಬಿಲ್ಡ್ ಮಾಡಿದೆ. ಈ ಜಾಗ ಮಾತ್ರ ಅಲ್ಲ, ಇನ್ನೂ ಏಳೆಂಟು ಕಡೆ ಎಚ್ಚರಿಕೆ ಬಂತು! ನಮ್ಮ ಪುಟ್ಟ ಫಂಕ್ಷನ್‌ಗೆ %ಎಲ್‌ಎಲ್‌ಯು ಓದೋದನ್ನೂ ಕಲಿಸಿದ್ದಾಯ್ತು.

ಮೇಜಿನ ಮೇಲೆ ಬೋರ್ಡಿಟ್ಟು, ಪಂಪು ಓಡುವಂತೆ ಮಾಡಿ, ಲಾಗ್‌ನಲ್ಲಿ ಸೊನ್ನೆ ಬರೋದನ್ನ ಎಲ್ಲರಿಗೂ ತೋರಿಸಿದೆ. ಆದರೆ ಒಂದು ಮಾತು. ಹಳೇ ಲಾಗ್ ಸುಳ್ಳು ಅಂತ ಸಾಬೀತಾಯ್ತೇ ಹೊರತು, ಪಂಪು ಓಡಿತ್ತು ಅಂತ ಅದರಿಂದ ಸಾಬೀತಾಗೋದಿಲ್ಲ. ನಿಜ ಎಲ್ಲೂ ಬರೆದಿಟ್ಟೇ ಇರಲಿಲ್ಲವಲ್ಲ. ಕೊನೆಗೆ ನೆರವಿಗೆ ಬಂದದ್ದು ಆಪರೇಟರ್‌ನ ಇನ್ನೂರು ಪುಟದ ನೋಟ್‌ಬುಕ್ಕು. ಗೆರೆ ಎಳೆದು, ಪ್ರತಿ ಕಾಲಂ ಮೇಲೆ ‘ಶುರು’, ‘ಬಂದ್’, ‘ಕರೆಂಟ್ ಇಲ್ಲ’ ಅಂತ ತಲೆಬರಹ ಬರೆದು, ದಿನಾ ತುಂಬಿದ್ದ. ಕರೆಂಟ್ ಮೀಟರಿನ ರೀಡಿಂಗ್ ಅದಕ್ಕೆ ತಾಳೆಯಾಯ್ತು. ಸಂಬಳ ಉಳಿಯಿತು.

ಇದು ಬರೀ ಪಂಪಿನ ಕಥೆಯೂ ಅಲ್ಲ. 2021ರಲ್ಲಿ %ಪಿ%ಎಸ್%ಎಸ್%ಎಸ್%ಎಸ್%ಎನ್ ಅನ್ನೋ ಹೆಸರಿನ ವೈಫೈಗೆ ಸೇರಿದ ಐಫೋನ್‌ಗಳಲ್ಲಿ ವೈಫೈಯೇ ನಿಂತುಹೋಗ್ತಿದ್ದದ್ದು ಸುದ್ದಿಯಾಗಿತ್ತು. ಹೊರಗಿನಿಂದ ಬಂದ ಹೆಸರನ್ನೇ ಫಾರ್ಮ್ಯಾಟ್ ಸ್ಟ್ರಿಂಗ್ ಅಂತ ಓದಿದ್ದರ ಫಲ ಅದು. ಬಸ್ಸು ಹತ್ತಿದವನ ಕೈಗೇ ಚಾರ್ಟ್ ಕೊಟ್ಟ ಹಾಗೆ! ಈಚಿನ ಭಾಷೆಗಳು ಪಾಠ ಕಲಿತಿವೆ. ಗೋ ಭಾಷೆಯಲ್ಲಿ ಮೌಲ್ಯದ ಜತೆ ಅದರ ಟೈಪೂ ಹೋಗುತ್ತೆ, ತಾಳೆಯಾಗದಿದ್ದರೆ ಔಟ್‌ಪುಟ್‌ನಲ್ಲೇ ಅದನ್ನ ಹೇಳಿಬಿಡುತ್ತೆ. ರಸ್ಟ್ ಅಂತೂ ಕಂಪೈಲ್ ಮಾಡುವಾಗಲೇ ತಡೆಯುತ್ತೆ. ಆದರೆ ಸಣ್ಣ ಬೋರ್ಡುಗಳ ಲೋಕದಲ್ಲಿ ಇವತ್ತಿಗೂ ಸಿ ಮತ್ತು ಮೂರು ಚುಕ್ಕಿಯೇ ಜಾಸ್ತಿ.

ಮಷಿನ್ ಸುಳ್ಳು ಹೇಳಲ್ಲ ಅನ್ನೋದು ಒಂದರ್ಥದಲ್ಲಿ ನಿಜವೇ. ಆ ಸೊನ್ನೆ ನಿಜವಾದ ಸೊನ್ನೆಯೇ ಆಗಿತ್ತು, ಬೇರೆ ಯಾವುದೋ ಪ್ರಶ್ನೆಗೆ ಉತ್ತರವಾಗಿತ್ತು ಅಷ್ಟೇ. ಯಾವ ಪ್ರಶ್ನೆಗೆ ಅಂತ ಕೇಳದೆ ಒಬ್ಬ ಮನುಷ್ಯನ ತಿಂಗಳ ಸಂಬಳಕ್ಕೆ ಕೈ ಹಾಕೋಕೆ ಹೊರಟಿದ್ದೆವು. ನಿಮ್ಮ ಪ್ರಾಜೆಕ್ಟಿನಲ್ಲೂ ಇಂಥ ಸ್ವಂತ ಲಾಗ್ ಫಂಕ್ಷನ್ ಇದ್ದರೆ, ಆ ಒಂದು ಆಟ್ರಿಬ್ಯೂಟ್ ಇದೆಯಾ ಅಂತ ಇವತ್ತೇ ಒಮ್ಮೆ ನೋಡಿಬಿಡಿ. ಆಚೆ ತುದಿಯಲ್ಲಿ ಯಾರು ನಾಲ್ಕು ಗಂಟೆಗೆ ಎದ್ದಿರ್ತಾರೋ ಯಾರಿಗೆ ಗೊತ್ತು.