ಇದ್ದರೇ, ಇರಲಿಲ್ಲವೇ? ನಂದಿಯಿಂದ ವಿದುರಾಶ್ವತ್ಥದವರೆಗೆ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳದೇ ಸಾಲು. ಬೆಳಿಗ್ಗೆ ನಂದಿ, ಮಧ್ಯಾಹ್ನದ ಬುತ್ತಿಗೆ ಕೈವಾರ, ಹೊತ್ತು ಉಳಿದರೆ ಇನ್ನೊಂದು ಊರು. ಪುಳಿಯೋಗರೆಯ ಡಬ್ಬಿ ಖಾಲಿಯಾಗುವ ಹೊತ್ತಿಗೆ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: 'ಸಾರ್, ಭೀಮ ನಿಜವಾಗ್ಲೂ ಇಲ್ಲಿಗೆ ಬಂದಿದ್ನಾ?' ಕ್ರಿಸ್‌ಮಸ್ ರಜೆ ಹತ್ತಿರವಿದ್ದರೆ ಪಕ್ಕದಲ್ಲಿ ಕೂತವನದು ಇನ್ನೊಂದು ಪ್ರಶ್ನೆ: 'ಹಾಗಾದ್ರೆ ಏಸು?' ಸಾಮಾನ್ಯವಾಗಿ ಸಿಗುವ ಉತ್ತರ, 'ಕೈ ತೊಳ್ಕೊಂಡು ಬಸ್ಸು ಹತ್ತು' ಎಂಬುದು.

ಪ್ರಶ್ನೆ ಉದ್ಧಟತನದ್ದಲ್ಲ. ಅದನ್ನು ಮನೆಗೆ ಒಯ್ದರೆ ತಂದೆತಾಯಿ ಗದರುತ್ತಾರೆ, ಇಲ್ಲವೇ ನಕ್ಕು ಸುಮ್ಮನಾಗುತ್ತಾರೆ. ಆದರೆ ಒಬ್ಬ ವ್ಯಕ್ತಿ ಇದ್ದನೆಂದು ತಿಳಿಯುವುದು ಹೇಗೆ ಎಂಬುದನ್ನು ಕಲಿಸಲು ಈ ಜಿಲ್ಲೆಯಷ್ಟು ಅನುಕೂಲದ ಜಾಗ ಕಡಿಮೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಸಣ್ಣ ಜಿಲ್ಲೆಯೊಳಗೆ ಶಾಸನದ ರಾಜ, ಜನರ ನೆನಪಿನ ಸಂತ, ಪುರಾಣದ ವೀರ, ಮೊನ್ನೆ ಮೊನ್ನೆಯ ಹುತಾತ್ಮರು ಎಲ್ಲರೂ ಇದ್ದಾರೆ.

ಮೊದಲು ನಂದಿ. ಬೆಟ್ಟದ ಮೇಲಲ್ಲ, ಬುಡದ ಹಳ್ಳಿಯಲ್ಲಿರುವ ಭೋಗನಂದೀಶ್ವರ ದೇವಾಲಯ. ಕ್ರಿ.ಶ. 806ರ ಸುಮಾರಿನ ಬರಹಗಳಲ್ಲಿ ನೊಳಂಬರ ಮತ್ತು ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಹೆಸರುಗಳು ಬರುತ್ತವೆ. ಅದರ ಆಸುಪಾಸಿನಲ್ಲೇ ಬಾಣರ ತಾಮ್ರಪಟಗಳೂ ಇವೆ. ಬಿ.ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಗೋವಿಂದ ಇದ್ದನೇ ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಅವನ ಕಾಲದಲ್ಲೇ ಕೆತ್ತಿದ ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿ ಅವನ ಹೆಸರನ್ನು ಹೇಳುತ್ತವೆ. ರಾಜರಿಗೆ ಈ ಅನುಕೂಲ ಉಂಟು. ಕಲ್ಲು ಅವರದು, ಕಲ್ಲುಕುಟಿಗನ ಕೂಲಿಯೂ ಅವರದು.

ಇಲ್ಲೊಂದು ತಮಾಷೆಯನ್ನು ಗಮನಿಸಬೇಕು. 806ರ ಹಿಂದೆ ನಾವು 'ಕ್ರಿ.ಶ.' ಎಂದು ಬರೆದೆವು. ಅಂದರೆ ಇದ್ದನೋ ಇಲ್ಲವೋ ಎಂದು ಹುಡುಗ ಕೇಳಿದ ಆ ವ್ಯಕ್ತಿಯ ಹೆಸರಿನಿಂದಲೇ ಗೋವಿಂದನಿಗೂ ಕಾಲ ಕಟ್ಟಿದೆವು. ಶಾಸನಗಳಲ್ಲಿ ಇರುವುದು ಶಕವರ್ಷ. ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಯುಗಾದಿಯ ಪಂಚಾಂಗ ಈ ಶಕವನ್ನು ಶಾಲಿವಾಹನನದು ಎನ್ನುತ್ತದೆ. ಆದರೆ ಹಳೆಯ ಶಾಸನಗಳಲ್ಲಿರುವುದು ಬರಿಯ 'ಶಕ'. ಶಾಲಿವಾಹನನ ಹೆಸರು ಅದಕ್ಕೆ ಅಂಟಿಕೊಂಡದ್ದು ಶತಮಾನಗಳು ಕಳೆದ ಮೇಲೆ. ಅವನು ಇಂಥ ದೊರೆಯೇ ಎಂದು ಬೆರಳಿಟ್ಟು ತೋರಿಸಲು ಆಗದು. 1957ರಿಂದ ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗ ಅದೇ ಶಕವರ್ಷವನ್ನು ಬಳಸುತ್ತಿದೆ. ಲೆಕ್ಕ ಎಲ್ಲೂ ತಪ್ಪಿಲ್ಲ.

ನಂದಿಗೆ ಹತ್ತಿರದಲ್ಲೇ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯೂ ಅಲ್ಲೇ. ಸೆಪ್ಟೆಂಬರ್ 15 ಎಂಜಿನಿಯರುಗಳ ದಿನವೆಂಬುದು ಎಲ್ಲ ಮಕ್ಕಳಿಗೂ ಬಾಯಿಪಾಠ. ವರ್ಷ ಯಾವುದು? ಕೆಲವು ಪುಸ್ತಕಗಳಲ್ಲಿ 1860, ಕೆಲವದರಲ್ಲಿ 1861. ಅಂಚೆ ಇಲಾಖೆ ಶತಮಾನೋತ್ಸವದ ಚೀಟಿ ತಂದದ್ದು 1960ರಲ್ಲಿ. ಆಗ ಅವರು ಬದುಕಿಯೇ ಇದ್ದರು, 1962ರ ಏಪ್ರಿಲ್‌ವರೆಗೂ ಇದ್ದರು. ಹುಟ್ಟಿದ ವರ್ಷದಲ್ಲಿ ಒಂದರ ವ್ಯತ್ಯಾಸವಿದೆಯೆಂದು ಕನ್ನಂಬಾಡಿ ಕಟ್ಟಿದವರು ಇರಲೇ ಇಲ್ಲ ಎನ್ನಲು ಯಾರೂ ಹೊರಡುವುದಿಲ್ಲ.

ಏಸುವಿನ ವಿಷಯದಲ್ಲೂ ಇಂಥದೇ ಒಂದು ತೊಡಕಿದೆ. ಆತ ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಎಂದು ಸುವಾರ್ತೆ ಹೇಳುತ್ತದೆ. ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಲೆಕ್ಕ. ಅಂದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ತಪ್ಪು ಏಸುವಿನದಲ್ಲ, ಆರನೆಯ ಶತಮಾನದಲ್ಲಿ ಈ ಶಕವನ್ನು ಲೆಕ್ಕ ಹಾಕಿದ ಡಯೊನೀಸಿಯಸ್ ಎಂಬ ಸಂನ್ಯಾಸಿಯದು. ಡಿಸೆಂಬರ್ 25ನೆಯ ತಾರೀಖೂ ಸುವಾರ್ತೆಗಳಲ್ಲಿಲ್ಲ. ರೋಮಿನಲ್ಲಿ ಆ ದಿನದ ಹಬ್ಬದ ಸುದ್ದಿ ಸಿಗುವುದು ನಾಲ್ಕನೆಯ ಶತಮಾನದಲ್ಲಿ.

ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಶಿಡ್ಲಘಟ್ಟ. ಹಿಪ್ಪುನೇರಳೆ ತೋಟ, ಗೂಡಿನ ಮಾರುಕಟ್ಟೆ, ಓಣಿ ಓಣಿಯಲ್ಲೂ ನೂಲು ಬಿಚ್ಚುವವರ ಮನೆ, ಬೇಯುವ ಗೂಡಿನ ವಾಸನೆ. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದವಿದ್ದರೂ ಅದೊಂದರಿಂದಲೇ ಸೀರೆಯ ನೂಲು ಆಗುವುದಿಲ್ಲ, ತೀರ ತೆಳು. ಎಂಟು ಹತ್ತು ಗೂಡುಗಳ ಎಳೆ ಒಟ್ಟಿಗೆ ಎತ್ತಿ ತಿರುವಬೇಕು. ಚರಿತ್ರೆಯ ಸಾಕ್ಷಿಯೂ ಹೀಗೆಯೇ. ಆದರೆ ಎಳೆಗಳು ಬೇರೆ ಬೇರೆ ಗೂಡಿನವಾಗಿರಬೇಕು. ಒಬ್ಬ ಬರೆದದ್ದನ್ನು ಹತ್ತು ಜನ ನಕಲು ಮಾಡಿದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ.

ಕೈವಾರ ಚಿಂತಾಮಣಿ ತಾಲ್ಲೂಕಿನಲ್ಲಿದೆ. ಇದೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ, ಭೀಮಲಿಂಗೇಶ್ವರನ ಗುಡಿ ಅದರ ಗುರುತು ಎಂದು ಊರವರು ತೋರಿಸುತ್ತಾರೆ. ಬಂಡಿ ತುಂಬ ಅನ್ನ ಹೊತ್ತು ಹೋಗಿ ತಾನೇ ಉಂಡ ಭೀಮನ ಕಥೆ ಮಕ್ಕಳಿಗೆ ಎಷ್ಟು ಸಲ ಕೇಳಿದರೂ ಸಾಲದು. ಆದರೆ ಬಂಗಾಳದ ಬೀರಭೂಮಿಯಲ್ಲೂ ಒಂದು ಏಕಚಕ್ರವಿದೆ, ಬಿಹಾರದ ಆರಾ ಪಟ್ಟಣವೂ ತಾನೇ ಅದು ಎನ್ನುತ್ತದೆ. ಒಬ್ಬ ಬಕನನ್ನು ಮೂರು ಕಡೆ ಕೊಲ್ಲಲಾಗದು. ಹಸ್ತಿನಾಪುರದಲ್ಲಿ ಬಿ.ಬಿ. ಲಾಲ್ ಅವರು 1950ರಿಂದ 52ರವರೆಗೆ ಅಗೆದಾಗ ಬೂದುಬಣ್ಣದ ಚಿತ್ರಿತ ಮಡಕೆಗಳು, ಗಂಗೆಯ ನೆರೆ ನುಗ್ಗಿದ ಗುರುತು ಸಿಕ್ಕವು. ಊರಿತ್ತು ಎಂದು ಗೊತ್ತಾಯಿತು. ಅಲ್ಲಿ ಭೀಮನಿದ್ದನೆಂದು ಮಡಕೆ ಹೇಳಲಿಲ್ಲ. ಭೀಮನ ಕಥೆಗೆ ಮಹಾಭಾರತ ಮತ್ತು ಅದರಿಂದ ಹುಟ್ಟಿದ ಕಥೆಗಳನ್ನು ಬಿಟ್ಟರೆ ಬೇರೆ ಗೂಡಿನ ಎಳೆ ಇಲ್ಲ. ಹುಡುಗನಿಗೆ ಇದನ್ನು ಹೀಗೆಯೇ ಹೇಳಬಹುದು; ಅದರಿಂದ ಮಹಾಭಾರತ ಸಣ್ಣದಾಗುವುದಿಲ್ಲ.

ಅದೇ ಊರಿನಲ್ಲಿ ಇನ್ನೊಬ್ಬರಿದ್ದಾರೆ: ಕೈವಾರದ ತಾತಯ್ಯ, ಯೋಗಿ ನಾರೇಯಣರು. ಬಳೆಯ ಮಲಾರ ಹೊತ್ತು ಊರೂರು ತಿರುಗಿದ ನಾರಾಯಣಪ್ಪ, ಪರದೇಶಿ ಸ್ವಾಮಿಯೆಂಬ ಗುರುವಿನಿಂದ ಮಂತ್ರ ಪಡೆದು, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಗವಿಯಲ್ಲಿ ತಪಸ್ಸಿಗೆ ಕುಳಿತರಂತೆ. ಕಲ್ಲು ಸಕ್ಕರೆಯಾಯಿತಂತೆ. ಅವರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಎರಡೂ ನುಡಿ ಬೆರೆತ ಈ ಸೀಮೆಗೆ ಅದು ಸಹಜ. ಕಾಲಜ್ಞಾನವನ್ನೂ ಹೇಳಿದರು. 1726ರಲ್ಲಿ ಹುಟ್ಟಿ 1836ರಲ್ಲಿ ಸಮಾಧಿಯಾದರು, 110 ವರ್ಷ ಬಾಳಿದರು ಎಂಬುದು ಪರಂಪರೆಯ ಮಾತು. ಅಂದರೆ ಹೈದರನಿಗಿಂತ ಮುಂಚಿನ ಮೈಸೂರಿನಿಂದ ಹಿಡಿದು ಮಾರ್ಕ್ ಕಬ್ಬನ್ ಕಮಿಷನರ್ ಆದ ಕಾಲದವರೆಗೆ.

ಇಲ್ಲಿ ಪ್ರಶ್ನೆಯನ್ನು ಎರಡಾಗಿ ಸೀಳಬೇಕಾಗುತ್ತದೆ. ನಾರಾಯಣಪ್ಪ ಎಂಬ ಮನುಷ್ಯ ಇದ್ದರೇ? ಇದ್ದರು. ಅಂಕಿತವಿರುವ ಹಾಡುಗಳಿವೆ, ಸಮಾಧಿಯಿದೆ, ಮುರಿಯದ ಶಿಷ್ಯಪರಂಪರೆಯಿದೆ, ಕಾಲವೂ ತೀರ ದೂರದ್ದಲ್ಲ. 110 ವರ್ಷ ಬಾಳಿದರೇ? ಜನನ ನೋಂದಣಿ ಇಲ್ಲದ ಕಾಲ. ಪರಂಪರೆ ಹಾಗೆ ಹೇಳುತ್ತದೆ ಎಂದಷ್ಟೇ ಬರೆಯಬೇಕು. ಕಲ್ಲು ಸಕ್ಕರೆಯಾಯಿತೇ? ಅದು ಭಕ್ತರ ನಂಬಿಕೆ. ಚರಿತ್ರೆಯ ಕೈಯಲ್ಲಿ ಅದನ್ನು ಅಳೆಯುವ ಕೋಲಿಲ್ಲ. ಮೂರನೆಯದನ್ನು ಒಪ್ಪದವರು ಮೊದಲನೆಯದನ್ನೂ ತಳ್ಳಿಹಾಕುವುದು ಅವಸರ. ಮೊದಲನೆಯದು ನಿಜವೆಂದು ಮೂರನೆಯದೂ ಸಾಬೀತಾಯಿತು ಎನ್ನುವುದು ಇನ್ನೂ ದೊಡ್ಡ ಅವಸರ.

ಇದೇ ಕೋಲಿನಿಂದ ಏಸುವನ್ನು ಅಳೆದರೆ? ಆತ ತನ್ನ ಕೈಯಿಂದ ಒಂದು ಸಾಲೂ ಬರೆದಿಡಲಿಲ್ಲ. ಬದುಕಿದ್ದಾಗ ಕೆತ್ತಿದ ಶಾಸನವಿಲ್ಲ. ಗಲಿಲಾಯದ ಹಳ್ಳಿಯ ಬಡಗಿಗೆ ಶಾಸನ ಕೆತ್ತಿಸುವವರು ಯಾರು? ಸಿಗುವ ಅತ್ಯಂತ ಹಳೆಯ ಬರಹ ಪೌಲನ ಪತ್ರಗಳು. ಶಿಲುಬೆಯ ಘಟನೆ ಕ್ರಿ.ಶ. 30ರ ಆಸುಪಾಸಿನದು, ಈ ಪತ್ರಗಳು 50ರ ದಶಕದವು, ಎಂದರೆ ಸುಮಾರು 20 ವರ್ಷಗಳ ಅನಂತರದವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ತಾನು ಜೆರೂಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದುದನ್ನೂ ಏಸುವಿನ ತಮ್ಮ ಯಾಕೋಬನನ್ನು ಕಂಡುದನ್ನೂ ಬರೆದಿದ್ದಾನೆ. ಇರದವನಿಗೆ ತಮ್ಮ ಎಲ್ಲಿಂದ ಬಂದ? ಸುವಾರ್ತೆಗಳು ಇದಕ್ಕಿಂತ ಈಚಿನವು, ಮಾರ್ಕನದು ಕ್ರಿ.ಶ. 70ರ ಸುಮಾರಿನದೆಂದು ವಿದ್ವಾಂಸರ ಅಂದಾಜು.

ಇವೆಲ್ಲ ಭಕ್ತರ ಬರಹ, ಹೊರಗಿನವರು ಏನೆಂದರು? ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕ್ರಿ.ಶ. 93ರ ಸುಮಾರಿಗೆ ಎರಡು ಕಡೆ ಏಸುವಿನ ಹೆಸರೆತ್ತುತ್ತಾನೆ. ಉದ್ದನೆಯ ಭಾಗಕ್ಕೆ ಮುಂದಿನ ಕ್ರೈಸ್ತ ನಕಲುಗಾರರು ತಮ್ಮ ಮಾತು ಸೇರಿಸಿದ್ದು ಕಣ್ಣಿಗೆ ಹೊಡೆಯುತ್ತದೆ. ಯಾಕೋಬನ ಸಾವಿನ ಬಗೆಗಿನ ಚಿಕ್ಕ ಉಲ್ಲೇಖವನ್ನು ಮಾತ್ರ ಬಹುಪಾಲು ಪಂಡಿತರು ಒಪ್ಪುತ್ತಾರೆ. ರೋಮಿನ ಟಾಸಿಟಸ್ 116ರ ಸುಮಾರಿಗೆ, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಪೊಂತಿಯಸ್ ಪಿಲಾತ ಈ ಕ್ರಿಸ್ತನಿಗೆ ಮರಣದಂಡನೆ ಕೊಡಿಸಿದನೆಂದು ಬರೆದ. ಆತನಿಗೆ ಕ್ರೈಸ್ತರ ಮೇಲೆ ಪ್ರೀತಿಯೇನೂ ಇರಲಿಲ್ಲ, ಬೈದೇ ಬರೆದಿದ್ದಾನೆ. ಆ ಪಿಲಾತನಾದರೂ ದೊಡ್ಡ ಅಧಿಕಾರಿ. ಅವನ ಹೆಸರಿದ್ದ ಕಲ್ಲು ಸಿಸೇರಿಯಾದಲ್ಲಿ ಸಿಕ್ಕಿದ್ದು 1961ರಲ್ಲಿ! ಮಾಂಡಲಿಕನ ಕಲ್ಲಿಗೇ ಹತ್ತೊಂಬತ್ತು ಶತಮಾನ ಕಾಯಬೇಕಾಯಿತು ಎಂದ ಮೇಲೆ ಬಡಗಿಯ ಕಲ್ಲು ಸಿಗಲಿಲ್ಲವೆಂದು ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ವಾದವೂ ಇದೆ. ಹೊಸ ಮತಕ್ಕೆ ಮೂಲಪುರುಷನನ್ನು ಕಲ್ಪಿಸುವವರು ಕಳ್ಳರ ನಡುವೆ ಶಿಲುಬೆಗೇರಿ ಸತ್ತವನನ್ನು ಕಲ್ಪಿಸುತ್ತಿದ್ದರೇ? ಅಂದಿನ ಜನಕ್ಕೆ ಅದು ನಾಚಿಕೆಯ ಸಾವು. ವಾದ ಬಲವಾಗಿದೆ, ಆದರೂ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ನಮ್ಮ ತಾತಯ್ಯನ ಬಳೆಯ ಮಲಾರ ಹೊರಗಿನವನಿಗೆ ಬಡತನದ ಗುರುತಾಗಿ ಕಂಡೀತು, ಭಕ್ತನಿಗೆ ಅದೇ ಹೆಮ್ಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಬ್ರೂನೋ ಬೌವರ್‌ನಂಥವರು ಏಸು ಇರಲೇ ಇಲ್ಲ ಎಂದು ವಾದಿಸಿದರು; ಈಗಲೂ ಹಾಗೆ ಬರೆಯುವವರು ಕೆಲವರಿದ್ದಾರೆ. ತಾನು ಭಕ್ತನಲ್ಲ ಎಂದು ಹೇಳಿಕೊಳ್ಳುವ ಅಮೆರಿಕದ ಬಾರ್ಟ್ ಎರ್ಮನ್ 2012ರಲ್ಲಿ ಇದಕ್ಕಾಗಿಯೇ ಒಂದು ಪುಸ್ತಕ ಬರೆದು, ಆ ಮನುಷ್ಯ ಇದ್ದದ್ದು ನಿಜ ಎಂದು ವಾದಿಸಿದರು. ಬಹುಪಾಲು ಇತಿಹಾಸಕಾರರದು ಇದೇ ನಿಲುವು. ಕನ್ಯೆಯ ಮಗನೇ, ಸತ್ತು ಎದ್ದನೇ ಎಂಬವು ಕಲ್ಲುಸಕ್ಕರೆಯ ಸಾಲಿಗೆ ಸೇರುವ ಪ್ರಶ್ನೆಗಳು.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಆಸ್ಪತ್ರೆ ತೆರೆದಿದ್ದರು. ಮುಂದೆ ಅದು ಸಿ.ಎಸ್.ಐ. ಆಸ್ಪತ್ರೆಯೆಂದು ಹೆಸರಾಯಿತು. ಈ ಸೀಮೆಯ ಎಷ್ಟೋ ಮನೆಗಳ ಹಿರಿಯರಿಗೆ ಏಸುವಿನ ಹೆಸರು ಮೊದಲು ಕಿವಿಗೆ ಬಿದ್ದದ್ದು ಔಷಧಿಯ ಬಾಟಲಿ ಹಿಡಿದು ನಿಂತಾಗ ಇದ್ದೀತು. ಇಲ್ಲಿಯ ತರಗತಿಗಳಲ್ಲಿ ಮೂರೂ ಮತದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದವನ ದೇವರಿಗೆ ಪುರಾವೆ ಕೇಳಿ ತನ್ನ ದೇವರಿಗೆ ಮಾತ್ರ ಕೈಮುಗಿಯುವ ಅಭ್ಯಾಸ ಮಕ್ಕಳಿಗೆ ಹುಟ್ಟಿನಿಂದ ಬಂದದ್ದಲ್ಲ, ದೊಡ್ಡವರ ಮಾತಿನಿಂದ ಬಂದದ್ದು.

ಕೊನೆಯದಾಗಿ ಗೌರಿಬಿದನೂರು. ಅಲ್ಲಿಂದ ಸುಮಾರು ಆರು ಕಿಲೋಮೀಟರ್, ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥ. ವಿದುರ ನೆಟ್ಟದ್ದೆಂದು ಹೇಳುತ್ತಿದ್ದ ಅರಳಿಮರ 2001ರಲ್ಲಿ ಉರುಳಿತು. ಸುತ್ತ ನಾಗರಕಲ್ಲುಗಳು, ಎಣಿಸಿದರೆ ದಿನ ಸಾಲದು. ಮರದ ವಯಸ್ಸನ್ನು ವಿಜ್ಞಾನ ಹೇಳಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಚಳಿದೇಶದ ಪೈನ್‌ನಂತೆ ಅರಳಿಯಲ್ಲಿ ವರ್ಷದ ಬಳೆಗಳು ಸ್ಪಷ್ಟವಾಗಿ ಮೂಡುವುದಿಲ್ಲ. ಇಂಗಾಲ-14 ಇದೆ, 5730 ವರ್ಷಕ್ಕೆ ಅರ್ಧವಾಗುವ ಆ ವಿಕಿರಣದಿಂದ ಕಟ್ಟಿಗೆಯ ಕಾಲ ತಿಳಿಯಬಹುದು, ಒಳತಿರುಳು ಕೊಳೆತು ಹೋಗಿರದಿದ್ದರೆ. ಆದರೆ ನೆಟ್ಟವರ ಹೆಸರು ಯಾವ ಪ್ರಯೋಗಾಲಯದಲ್ಲೂ ಸಿಗದು.

ಅದೇ ಮರದ ಬಳಿ 1938ರ ಏಪ್ರಿಲ್ 25ರಂದು ನಡೆದದ್ದು ಬೇರೆಯದೇ ಬಗೆಯ ಸಂಗತಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದೆಂಬ ಆಜ್ಞೆಯನ್ನು ಮುರಿಯಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂದು ಒಂದು ಲೆಕ್ಕ, 35 ಎಂದು ಇನ್ನೊಂದು. ಅಂದಿನ ಸರ್ಕಾರ ಹೇಳಿದ್ದು ಬಹಳ ಕಡಿಮೆ. ಪಟೇಲರೂ ಕೃಪಲಾನಿಯವರೂ ಮೈಸೂರಿಗೆ ಬಂದರು, ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಕೂತಿತು, ಪತ್ರಿಕೆಗಳು ಬರೆದವು, ಕಣ್ಣಾರೆ ಕಂಡವರು ದಶಕಗಳ ಕಾಲ ಹೇಳಿದರು. ಇಷ್ಟೆಲ್ಲ ಇದ್ದೂ ಸತ್ತವರ ಎಣಿಕೆ ಒಂದಾಗಲಿಲ್ಲ. ಸ್ಮಾರಕ ವೀರಸೌಧದಲ್ಲಿ ಆ ದಿನದ ಚಿತ್ರಗಳಿವೆ. ಮಕ್ಕಳನ್ನು ಕರೆದೊಯ್ಯುವವರು ನಾಗರಕಲ್ಲುಗಳಿಗೆ ಕೈಮುಗಿಸಿ ಹಾಗೆಯೇ ಬಸ್ಸು ಹತ್ತಿಸದೆ ಅಲ್ಲಿ ಅರ್ಧ ಗಂಟೆಯಾದರೂ ನಿಲ್ಲುವುದು ಒಳ್ಳೆಯದು.

ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲು ಮಾರ್ಗ ಗೌರಿಬಿದನೂರಿನ ಮೇಲೇ ಹಾಯುತ್ತದೆ. ನಂದಿ, ಶಿಡ್ಲಘಟ್ಟ, ಕೈವಾರಗಳು ಜಿಲ್ಲೆಯ ಇನ್ನೊಂದು ಬದಿಗಿರುವುದರಿಂದ ವಿದುರಾಶ್ವತ್ಥಕ್ಕೆ ಬೇರೆ ದಿನ ಇಟ್ಟುಕೊಳ್ಳುವುದು ವಾಸಿ. ಊಟ ಕಟ್ಟಿಕೊಂಡು ಹೋಗಬೇಕು, ನೋಟ್‌ಬುಕ್ ಮರೆಯಬಾರದು.